ವಸಡಿನ ಕಾಯಿಲೆಗೆ ಪ್ರೊಬಯಾಟಿಕ್: ಮೊದಲು ಏನು ಮಾಡಬೇಕು, ಆಮೇಲೆ ಏನು ಮಾಡಬೇಕು

ನನ್ನ ತಾಯಿಯವರು ಬೆಳಿಗ್ಗೆ ಹಲ್ಲುಜ್ಜಿ ಉಗುಳಿದಾಗ ಬಿಳಿಯ ಬೇಸಿನ್ನಿನಲ್ಲಿ ನೊರೆಯ ಜೊತೆಗೆ ಕೆಂಪು ಎಳೆಯೊಂದು ಹರಿದುಹೋಗುತ್ತಿತ್ತು. ಅವರು ಅದನ್ನು ಕೆಲವು ಕಾಲ ಬ್ರಷ್ ಗಟ್ಟಿಯಾಯಿತೆಂದೂ, ಇನ್ನು ಕೆಲವು ಕಾಲ ಮೈಯಲ್ಲಿ ಉಷ್ಣ ಹೆಚ್ಚಾಯಿತೆಂದೂ ಹೇಳಿ ವರ್ಷಗಟ್ಟಲೆ ದೂಡಿದರು. ಯಾರೋ ಸಂಬಂಧಿಕರು ಪ್ರೊಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾಗಳಿರುವ ಮಾತ್ರೆ, ಒಳ್ಳೆಯದೆಂದು ಹೇಳಿದ ಮೇಲೆ ನಾಲ್ಕು ತಿಂಗಳು ಬಿಡದೆ ಕ್ಯಾಪ್ಸೂಲು ನುಂಗಿದರು. ರಕ್ತ ನಿಲ್ಲಲಿಲ್ಲ, ಮೇಲಾಗಿ ಕೆಳಗಿನ ಮುಂದಿನ ಎರಡು ಹಲ್ಲುಗಳು ಸಣ್ಣಗೆ ಅಲುಗಾಡತೊಡಗಿದವು. ಅವರು ತೆಗೆದುಕೊಂಡದ್ದು ಕರುಳಿಗೆಂದು ಮಾಡಿದ ಕ್ಯಾಪ್ಸೂಲು, ತೆಗೆದುಕೊಂಡದ್ದು ಹಲ್ಲಿನ ಗಾರೆ ತೆಗೆಸುವುದಕ್ಕೂ ಮುಂಚೆ. ಇವೆರಡೂ ತಿದ್ದಿಕೊಳ್ಳಬಹುದಾದ ತಪ್ಪುಗಳಾದ್ದರಿಂದ, ವಸಡಿನ ಕಾಯಿಲೆಗೆ ಪ್ರೊಬಯಾಟಿಕ್ ಬಳಸಬೇಕೆಂದಿರುವವರು ಯಾವ ಕ್ರಮದಲ್ಲಿ ನಡೆಯಬೇಕೆಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ವಸಡಿನಲ್ಲಿ ನಡೆಯುತ್ತಿರುವುದೇನು

ಹಲ್ಲುಜ್ಜಿದ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ಬ್ಯಾಕ್ಟೀರಿಯಾಗಳ ತೆಳುವಾದ ಅಂಟುಪೊರೆ ಮೂಡತೊಡಗುತ್ತದೆ. ನಾಲಿಗೆಯಿಂದ ಸವರಿದರೆ ಹಲ್ಲು ನುಣುಪಾಗಿರದೆ ತರಿತರಿಯಾಗಿ ತಾಗುತ್ತದಲ್ಲ, ಅದೇ ಪ್ಲಾಕ್. ಆಡುಮಾತಿನಲ್ಲಿ ಹಲ್ಲಿನ ಪಾಚಿ. ಅದನ್ನು ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿಕೊಂಡು ಕಲ್ಲಿನಂತೆ ಗಟ್ಟಿಯಾಗಿ ಗಾರೆಯಾಗುತ್ತದೆ. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು ಆರೋಗ್ಯವಾದ ವಸಡಿದ್ದ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸುವಂತೆ ಹೇಳಿ ಗಮನಿಸಿದಾಗ, 10ರಿಂದ 21 ದಿನಗಳೊಳಗೆ ಎಲ್ಲರ ವಸಡಿನಲ್ಲೂ ಉರಿಯೂತ ಕಾಣಿಸಿಕೊಂಡಿತು. ಮತ್ತೆ ಹಲ್ಲುಜ್ಜಲು ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಅದು ಇಳಿಯಿತು. ವಸಡಿನ ಮೊದಲ ಹಂತದ ಉರಿಯೂತ, ಅಂದರೆ ಜಿಂಜಿವೈಟಿಸ್, ಪೂರ್ತಿಯಾಗಿ ಹಿಂದಿರುಗಬಲ್ಲದ್ದು ಎಂಬುದಕ್ಕೆ ಇದಕ್ಕಿಂತ ಸರಳವಾದ ಪುರಾವೆ ಬೇಕಿಲ್ಲ.

ಎರಡನೆಯ ಹಂತವಾದ ಪೀರಿಯಾಡಾಂಟೈಟಿಸ್‌ನ ಮಾತು ಬೇರೆ. ಉರಿಯೂತವು ವಸಡಿನಂಚನ್ನು ದಾಟಿ ಕೆಳಗಿಳಿದಾಗ ಹಲ್ಲನ್ನು ಹಿಡಿದಿರುವ ನಾರುಗಳು ಕಳಚಿ, ಬೇರಿನ ಸುತ್ತಲಿನ ದವಡೆ ಮೂಳೆ ಕರಗುತ್ತದೆ. ಹಲ್ಲು ಮತ್ತು ವಸಡಿನ ನಡುವೆ ಆಳವಾದ ಸಂದು ಉಂಟಾಗುತ್ತದೆ; ವೈದ್ಯರು ಅದನ್ನು ಪಾಕೆಟ್ ಎನ್ನುತ್ತಾರೆ. ಗಾಳಿಯಾಡದ ಆ ಸಂದಿನಲ್ಲಿ ಪಾರ್ಫಿರೋಮೊನಾಸ್ ಜಿಂಜಿವಾಲಿಸ್, ಟ್ಯಾನರೆಲ್ಲಾ ಫಾರ್ಸಿಥಿಯಾ, ಟ್ರೆಪೊನಿಮಾ ಡೆಂಟಿಕೋಲಾ ಎಂಬ ಮೂರು ಬಗೆಯ ಬ್ಯಾಕ್ಟೀರಿಯಾಗಳು ಹುಲುಸಾಗಿ ಬೆಳೆಯುತ್ತವೆ. ಕರಗಿದ ಮೂಳೆ ತಾನಾಗಿ ಮೊದಲಿನಂತೆ ಬೆಳೆಯುವುದಿಲ್ಲ. ಕಾಯಿಲೆಯನ್ನು ಇದ್ದಲ್ಲಿಗೆ ನಿಲ್ಲಿಸಬಹುದು, ಅದಕ್ಕಾಗಿಯೇ ಬೇಗ ಹಿಡಿಯಬೇಕು. ನೋವು ಬಂದ ಮೇಲೆ ನೋಡೋಣ ಎಂದು ಕಾಯುವವರಿಗೆ ಈ ಕಾಯಿಲೆ ಬಹಳ ಮೋಸ ಮಾಡುತ್ತದೆ, ಏಕೆಂದರೆ ಹೆಚ್ಚಿನವರಲ್ಲಿ ಅದು ನೋವಿಲ್ಲದೆಯೇ ಮುಂದುವರಿಯುತ್ತದೆ.

ಮೊದಲ ಕೆಲಸ: ಅಳತೆ ಮಾಡಿಸುವುದು

ಯಾವ ಮಾತ್ರೆಯನ್ನಾದರೂ ಕೊಳ್ಳುವ ಮುಂಚೆ ದಂತವೈದ್ಯರ ಬಳಿ, ಸಾಧ್ಯವಾದರೆ ವಸಡಿನ ತಜ್ಞರ ಬಳಿ, ಪ್ರತಿ ಹಲ್ಲಿನ ಸುತ್ತಲೂ ಸಂದಿನ ಆಳವನ್ನು ಅಳೆಸಿರಿ. ಮಿಲಿಮೀಟರಿನ ಗೆರೆಗಳಿರುವ ತೆಳುವಾದ ಕಡ್ಡಿಯೊಂದನ್ನು ಹಲ್ಲಿಗೆ ತಾಗಿಸಿಕೊಂಡು ವಸಡಿನೊಳಕ್ಕೆ ಹಗುರವಾಗಿ ಇಳಿಸಿ, ಒಂದೊಂದು ಹಲ್ಲಿಗೂ ಆರು ಕಡೆ ಅಳತೆ ತೆಗೆಯುತ್ತಾರೆ. ನನ್ನ ತಾಯಿಯವರ ಹಲ್ಲುಗಳನ್ನು ನೋಡುವಾಗ ವೈದ್ಯರು ‘ಎರಡು, ಮೂರು, ಐದು, ರಕ್ತ, ಮೂರು, ಮೂರು, ಆರು, ರಕ್ತ’ ಎಂದು ಹೇಳುತ್ತಾ ಹೋದರು, ಸಹಾಯಕರು ಬರೆದುಕೊಳ್ಳುತ್ತಾ ಹೋದರು. ಸಾಮಾನ್ಯವಾಗಿ 3 ಮಿಲಿಮೀಟರ್‌ವರೆಗೆ ಚಿಂತೆಯಿಲ್ಲ. 4 ಮತ್ತು ಅದಕ್ಕಿಂತ ಹೆಚ್ಚಿನ ಆಳದಲ್ಲಿ, ಅದರಲ್ಲೂ ಕಡ್ಡಿ ತಾಗಿದ ಕಡೆ ರಕ್ತ ಬಂದರೆ, ಎಚ್ಚರ ವಹಿಸಬೇಕು. ಮೂಳೆ ಎಷ್ಟು ಕರಗಿದೆಯೆಂಬುದು ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ಆ ಅಳತೆಯ ಪಟ್ಟಿಯ ಒಂದು ಪ್ರತಿಯನ್ನು ಕೇಳಿ ಪಡೆದು ಮನೆಯಲ್ಲಿ ಜೋಪಾನವಾಗಿಡಿ. ಮುಂದೆ ಚಿಕಿತ್ಸೆಯಿಂದ ಗುಣ ಕಂಡಿತೋ ಇಲ್ಲವೋ ಎಂದು ತೀರ್ಮಾನಿಸಲು ನಿಮ್ಮ ಕೈಯಲ್ಲಿರುವ ಆಧಾರ ಅದೊಂದೇ.

ವೈದ್ಯರ ಮುಂದೆ ಮುಚ್ಚಿಡದೆ ಹೇಳಬೇಕಾದ ಮೂರು ಸಂಗತಿಗಳಿವೆ. ಮೊದಲನೆಯದು ಸಕ್ಕರೆ ಕಾಯಿಲೆ: ಹಿಡಿತ ತಪ್ಪಿದ ಸಕ್ಕರೆ ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಸಕ್ಕರೆಯನ್ನು ಹಿಡಿತಕ್ಕೆ ಬರಗೊಡುವುದಿಲ್ಲ; ಆದ್ದರಿಂದ ಇತ್ತೀಚಿನ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ) ವರದಿಯನ್ನು ಜೊತೆಗೊಯ್ಯಬೇಕು. ಎರಡನೆಯದು ತಂಬಾಕು. ಬೀಡಿ, ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಕಾಣುವುದರಿಂದ ಕಾಯಿಲೆ ಒಳಗೊಳಗೇ ಬೆಳೆದಿರುತ್ತದೆ. ಕಡ್ಡಿಪುಡಿ, ಗುಟ್ಕಾ ಇಟ್ಟುಕೊಳ್ಳುವವರಲ್ಲಿ ಇಟ್ಟ ಜಾಗದಲ್ಲೇ ವಸಡು ಕೆಳಗೆ ಸರಿದಿರುತ್ತದೆ. ಮೂರನೆಯದು ದಿನನಿತ್ಯದ ಔಷಧಿಗಳು: ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್ ಮತ್ತು ನಿಫೆಡಿಪಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟೋಯಿನ್ ಕೆಲವರಲ್ಲಿ ವಸಡನ್ನು ಊದಿಸಿ ಬೆಳೆಸುತ್ತವೆ. ಹೀಗೆಂದು ತಾವೇ ಮಾತ್ರೆ ನಿಲ್ಲಿಸುವುದು ಅಪಾಯ. ಬದಲಿ ಔಷಧಿ ಸಾಧ್ಯವೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು. ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರುಪೇರಿನಿಂದ ವಸಡು ಊದಿ ರಕ್ತ ಬರುವುದು ಸಾಮಾನ್ಯ, ಅವರೂ ತಪ್ಪದೆ ತೋರಿಸಿಕೊಳ್ಳಬೇಕು.

ಎರಡನೆಯ ಕೆಲಸ: ಗಾರೆ ತೆಗೆಸುವುದು

ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುವವರಿಗೆ ಈ ಮಾತು ಕೂಡಲೇ ಅರ್ಥವಾಗುತ್ತದೆ. ನಿನ್ನೆಯ ಹಾಲು ಹುಳಿಯಾಗಿ ಅಂಚಿಗೆ ಮೆತ್ತಿಕೊಂಡಿರುವ ಪಾತ್ರೆಯನ್ನು ತೊಳೆಯದೆ, ಅದಕ್ಕೇ ಹೊಸ ಹಾಲು ಸುರಿದು ಎಷ್ಟು ಒಳ್ಳೆಯ ಹೆಪ್ಪು ಹಾಕಿದರೂ ಮೊಸರು ಲೋಳೆಲೋಳೆಯಾಗುತ್ತದೆ, ವಾಸನೆ ಬರುತ್ತದೆ. ಅಲ್ಲಿ ಮೊದಲೇ ಕೋಟ್ಯಂತರ ಸಂಖ್ಯೆಯಲ್ಲಿ ನೆಲೆಯೂರಿದವು ಹೊಸದಾಗಿ ಬಂದವಕ್ಕೆ ಜಾಗ ಬಿಡುವುದಿಲ್ಲ. ವಸಡಿನ ಸಂದಿನಲ್ಲಿ ಗಾರೆ ತುಂಬಿರುವಾಗ ಪ್ರೊಬಯಾಟಿಕ್ ಮಾತ್ರೆ ಚೀಪುವುದೂ ಹಾಗೆಯೇ. ಗಾರೆಯನ್ನು ಯಾವ ಬ್ಯಾಕ್ಟೀರಿಯಾವೂ ಕರಗಿಸದು, ಬ್ರಷ್ಷೂ ಕೀಳದು, ಉಪ್ಪುನೀರೂ ತೆಗೆಯದು. ಅದನ್ನು ಉಪಕರಣದಿಂದಲೇ ತೆಗೆಯಬೇಕು: ವಸಡಿನ ಮೇಲಿನದನ್ನು ಸ್ಕೇಲಿಂಗ್‌ನಿಂದ, ವಸಡಿನ ಕೆಳಗೆ ಬೇರಿಗೆ ಅಂಟಿದ್ದನ್ನು ಮರಗಟ್ಟುವ ಚುಚ್ಚುಮದ್ದು ಕೊಟ್ಟು ಆಳವಾದ ಶುಚಿಯಿಂದ.

ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ನಮ್ಮಲ್ಲಿ ಎಷ್ಟು ಆಳವಾಗಿದೆಯೆಂದರೆ ಓದಿದವರೂ ಅದೇ ಕಾರಣಕ್ಕೆ ಹತ್ತಾರು ವರ್ಷ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವುದಿಲ್ಲ. ಮೂಳೆ ಕರಗಿ ಆಗಲೇ ಸಡಿಲಗೊಂಡ ಹಲ್ಲುಗಳನ್ನು ಗಾರೆಯ ಗಟ್ಟಿ ಪದರ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಅದನ್ನು ತೆಗೆದಾಗ ಇದ್ದ ಸಡಿಲವೇ ಹೊರಗೆ ಕಾಣುತ್ತದೆ. ಊದಿದ ವಸಡು ಇಳಿದಾಗ ಹಲ್ಲಿನ ನಡುವೆ ಕಿಂಡಿ ಕಾಣುವುದಕ್ಕೂ, ಕೆಲವು ವಾರ ತಣ್ಣೀರು ಜುಂ ಎನ್ನುವುದಕ್ಕೂ ಇದೇ ಬಗೆಯ ವಿವರಣೆಯಿದೆ. ನನ್ನ ತಾಯಿಯವರೂ ಮೊದಲ ವಾರ ‘ಇದ್ದದ್ದನ್ನೂ ಹಾಳು ಮಾಡಿಕೊಂಡೆ’ ಎಂದು ಕಣ್ಣೀರು ಹಾಕಿದ್ದರು. ಮೂರನೆಯ ವಾರಕ್ಕೆ ಬೇಸಿನ್ನಿನಲ್ಲಿ ಕೆಂಪು ಕಾಣಲಿಲ್ಲ.

ಇದರ ಜೊತೆಗೆ ಉಜ್ಜುವ ಬಗೆಯನ್ನೂ ಬದಲಾಯಿಸಿಕೊಳ್ಳಬೇಕು. ಮೃದುವಾದ ಬ್ರಷ್ಷನ್ನು ವಸಡಿನಂಚಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಎಳೆಗಳ ತುದಿ ಸಂದಿನ ಬಾಯಿಗೆ ತಾಗುವಂತೆ ಸಣ್ಣಗೆ ಅಲುಗಿಸುತ್ತಾ, ದಿನಕ್ಕೆ ಎರಡು ಸಲ ಎರಡೆರಡು ನಿಮಿಷ ಉಜ್ಜಬೇಕು. ಹಲ್ಲಿನ ನಡುವಣ ಕಿಂಡಿಗಳಿಗೆ ಬ್ರಷ್ ಹೋಗುವುದಿಲ್ಲವಾದ್ದರಿಂದ ಸಣ್ಣ ಇಂಟರ್‌ಡೆಂಟಲ್ ಬ್ರಷ್ ಬೇಕು. ಯಾವ ಗಾತ್ರದ್ದು ಎಂದು ವೈದ್ಯರೇ ನಿಮ್ಮ ಬಾಯಿಗೆ ಹಾಕಿ ತೋರಿಸಲಿ. ಇದ್ದಿಲು, ಇಟ್ಟಿಗೆಪುಡಿ, ತಂಬಾಕಿನ ಮಿಶ್ರಿಯಿಂದ ಉಜ್ಜುವುದನ್ನು ಬಿಡಲೇಬೇಕು.

ಪ್ರೊಬಯಾಟಿಕ್ ಏನು ಮಾಡಬಲ್ಲದು

ತಕ್ಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಪ್ರಯೋಜನ ಮಾಡುವ ಜೀವಂತ ಸೂಕ್ಷ್ಮಜೀವಿಗಳು ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ 2001ರಲ್ಲಿ ಒಪ್ಪಿದ ವ್ಯಾಖ್ಯೆಯ ಸಾರ. ಇದರಲ್ಲಿ ‘ಜೀವಂತ’, ‘ತಕ್ಕಷ್ಟು’ ಎಂಬ ಎರಡು ಪದಗಳು ಕೊಳ್ಳುವವರಿಗೆ ಮುಖ್ಯ. ವಸಡಿನ ವಿಷಯದಲ್ಲಿ ಹೆಚ್ಚು ಪರೀಕ್ಷೆಗೊಳಗಾದದ್ದು ಲ್ಯಾಕ್ಟೋಬ್ಯಾಸಿಲಸ್ ರ್ಯೂಟರಿ. ಅದು ಗ್ಲಿಸರಾಲ್‌ನಿಂದ ರ್ಯೂಟರಿನ್ ಎಂಬ ವಸ್ತುವನ್ನು ತಯಾರಿಸಿ ಬೇರೆ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ. ಜೊತೆಗೆ ಅಂಟಿಕೊಳ್ಳುವ ಜಾಗಕ್ಕೆ ಪೈಪೋಟಿ ಕೊಡುತ್ತದೆ, ದೇಹದ ಉರಿಯೂತದ ಪ್ರತಿಕ್ರಿಯೆಯನ್ನು ಸ್ವಲ್ಪ ತಗ್ಗಿಸುತ್ತದೆ ಎಂದು ಪ್ರಯೋಗಗಳು ಸೂಚಿಸುತ್ತವೆ.

ಈ ಸಂಶೋಧನೆಯಲ್ಲಿ ನಮ್ಮ ದಾವಣಗೆರೆಯ ಪಾಲೂ ಇದೆಯೆಂಬುದು ಸಂತೋಷದ ಸಂಗತಿ. ಅಲ್ಲಿನ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್‌ನ ತಜ್ಞರು 30 ರೋಗಿಗಳ ಮೇಲೆ 42 ದಿನ ನಡೆಸಿದ ಪ್ರಯೋಗದ ವರದಿ 2010ರಲ್ಲಿ ಪ್ರಕಟವಾಯಿತು. ಪ್ರತಿಯೊಬ್ಬರ ಬಾಯಿಯ ಅರ್ಧಭಾಗಕ್ಕೆ ಮೊದಲ ದಿನವೇ ಆಳವಾದ ಶುಚಿ ಮಾಡಿ ಇನ್ನರ್ಧವನ್ನು ಹಾಗೇ ಬಿಟ್ಟು, 21ನೆಯ ದಿನದಿಂದ ಕೆಲವರಿಗೆ ರ್ಯೂಟರಿ ಇರುವ ಚೀಪುಮಾತ್ರೆಯನ್ನೂ ಉಳಿದವರಿಗೆ ನೋಡಲು ಅದೇ ರೀತಿಯ ಬರೀ ಮಾತ್ರೆಯನ್ನೂ ದಿನಕ್ಕೆರಡರಂತೆ ಕೊಟ್ಟರು. ಎಲ್ಲಕ್ಕಿಂತ ಒಳ್ಳೆಯ ಫಲ ಬಂದದ್ದು ಶುಚಿ ಮತ್ತು ಪ್ರೊಬಯಾಟಿಕ್ ಎರಡೂ ಸೇರಿದ ಕಡೆ. ಪ್ರಯೋಗ ಚಿಕ್ಕದು, ಅವಧಿ ಕಡಿಮೆ. ಆದರೂ ಮಾತ್ರೆಗೆ ಶುಚಿಯ ಜೊತೆ ಬೇಕೆಂಬುದನ್ನು ಅದು ಸೂಚಿಸುತ್ತದೆ.

ಇನ್ನೊಂದು ಬದಿಯನ್ನೂ ಓದುಗರು ತಿಳಿದಿರಬೇಕು. ಯುರೋಪಿನ ವಸಡಿನ ತಜ್ಞರ ಒಕ್ಕೂಟವು 2020ರಲ್ಲಿ ಹೊರಡಿಸಿದ ಚಿಕಿತ್ಸಾ ಮಾರ್ಗಸೂಚಿಯು, ಬೇರಿನ ಶುಚಿಯ ಜೊತೆಗೆ ಪ್ರೊಬಯಾಟಿಕ್ ಬಳಸದಿರುವುದೇ ಒಳ್ಳೆಯದೆಂದು ಸಲಹೆ ಮಾಡಿತು; ಪ್ರಯೋಗಗಳು ಕೆಲವೇ, ಬಳಸಿದ ತಳಿಗಳು ಬೇರೆಬೇರೆ, ಸಂದಿನ ಆಳದಲ್ಲಿ ಹೆಚ್ಚುವರಿಯಾಗಿ ದೊರೆತ ಲಾಭ ಸರಾಸರಿ ಒಂದು ಮಿಲಿಮೀಟರಿಗಿಂತ ಕಡಿಮೆ ಎಂಬುದು ಅದರ ಹಿಂದಿನ ಕಾರಣ. ನನ್ನ ಅಭಿಪ್ರಾಯದಲ್ಲಿ ಇದನ್ನು ನಿಷೇಧವೆಂದು ಓದಬೇಕಾಗಿಲ್ಲ, ಆದರೆ ಕೈಯಲ್ಲಿರುವ ಹಣ ಶುಚಿಗೆ ಮಾತ್ರ ಸಾಲುವಂತಿದ್ದರೆ ಅದನ್ನು ಶುಚಿಗೇ ಖರ್ಚು ಮಾಡಿ, ಮಾತ್ರೆಯನ್ನು ಮರೆತುಬಿಡಬೇಕು.

ಕೊಳ್ಳುವಾಗ ಲೇಬಲ್ ಓದುವುದು

ಪೊಟ್ಟಣದ ಮೇಲೆ ಬರೀ ‘ಪ್ರೊಬಯಾಟಿಕ್’ ಎಂದೋ ‘ಲ್ಯಾಕ್ಟೋಬ್ಯಾಸಿಲಸ್’ ಎಂದೋ ಇದ್ದರೆ ಸಾಲದು. ಹಲಸಿನ ಮರವೆಂದ ಮಾತ್ರಕ್ಕೆ ತೊಳೆ ಸಿಹಿಯೋ ಸಪ್ಪೆಯೋ ಗೊತ್ತಾಗದಂತೆ, ಬ್ಯಾಕ್ಟೀರಿಯಾದ ಜಾತಿ ಒಂದೇ ಆದರೂ ತಳಿಯಿಂದ ತಳಿಗೆ ಗುಣ ಬೇರೆ. ಹೆಸರಿನ ಮುಂದೆ ತಳಿಯ ಸಂಕೇತವಿರಬೇಕು. ದಾವಣಗೆರೆಯ ಪ್ರಯೋಗದಲ್ಲಿ ಬಳಸಿದ್ದು ರ್ಯೂಟರಿಯ ಡಿಎಸ್‌ಎಂ 17938 ಮತ್ತು ಎಟಿಸಿಸಿ ಪಿಟಿಎ 5289 ಎಂಬ ಎರಡು ತಳಿಗಳನ್ನು, ಮಾತ್ರೆಯೊಂದರಲ್ಲಿ ತಲಾ 10 ಕೋಟಿ. 2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕುಲವನ್ನು ಹಲವು ಕುಲಗಳಾಗಿ ಒಡೆದುದರಿಂದ ಹೊಸ ಪೊಟ್ಟಣಗಳಲ್ಲಿ ಇದೇ ಬ್ಯಾಕ್ಟೀರಿಯಾ ಲಿಮೊಸಿಲ್ಯಾಕ್ಟೋಬ್ಯಾಸಿಲಸ್ ರ್ಯೂಟರಿ ಎಂಬ ಹೆಸರಿನಲ್ಲಿ ಕಾಣಬಹುದು, ಗಾಬರಿಯಾಗಬೇಕಿಲ್ಲ. ಭೇದಿಗೆಂದು ಮಕ್ಕಳಿಗೆ ಕೊಡುವ ಬ್ಯಾಸಿಲಸ್ ಕ್ಲಾಸಿಯೈ ದ್ರವವನ್ನೋ, ಆಂಟಿಬಯಾಟಿಕ್ ಜೊತೆ ಬರೆದುಕೊಡುವ ಕ್ಯಾಪ್ಸೂಲನ್ನೋ ವಸಡಿಗೆಂದು ಬಳಸುವುದರಲ್ಲಿ ಅರ್ಥವಿಲ್ಲ. ಕ್ಯಾಪ್ಸೂಲು ಬಾಯಲ್ಲಿ ಬಿಚ್ಚಿಕೊಳ್ಳುವುದೇ ಇಲ್ಲ.

ಜೀವಂತ ಬ್ಯಾಕ್ಟೀರಿಯಾಗಳ ಎಣಿಕೆಯನ್ನು ಸಿಎಫ್‌ಯು ಎಂದು ಬರೆದಿರುತ್ತಾರೆ. ಆ ಎಣಿಕೆ ತಯಾರಿಸಿದ ದಿನದ್ದೋ, ಅವಧಿ ಮುಗಿಯುವ ದಿನದವರೆಗೂ ಖಾತರಿಯಾದದ್ದೋ ಎಂದು ನೋಡಿರಿ, ಎರಡನೆಯದೇ ಬೇಕು. ಎಷ್ಟು ಡಿಗ್ರಿ ಉಷ್ಣಾಂಶದೊಳಗೆ ಇಡಬೇಕೆಂಬ ಸೂಚನೆಯನ್ನು ಓದಿ, ಅಂಗಡಿಯಲ್ಲಿ ಅದನ್ನು ಹೇಗಿಟ್ಟಿದ್ದರೆಂದೂ ಗಮನಿಸಿರಿ. ರಾಯಚೂರು, ಕಲಬುರಗಿಯ ಏಪ್ರಿಲ್–ಮೇ ತಿಂಗಳಲ್ಲಿ ಕೊರಿಯರ್ ವ್ಯಾನಿನಲ್ಲಿ ದಿನವಿಡೀ ಬೆಂದು ಬಂದ ಡಬ್ಬಿಯಲ್ಲಿ ಬದುಕಿರುವುದೆಷ್ಟು ಎಂದು ಯಾರೂ ಹೇಳಲಾರರು. ಆ ಕಾಲದಲ್ಲಿ ಹತ್ತಿರದ ಔಷಧಿ ಅಂಗಡಿಯಲ್ಲಿ ಕೊಂಡು ಚೀಲದಲ್ಲಿ ತಣ್ಣಗೆ ತರುವುದು ಮೇಲು. ಮಾತ್ರೆಗೆ ಸಕ್ಕರೆ ಬೆರೆಸಿರಬಾರದು. ರಾತ್ರಿ ಹಲ್ಲುಜ್ಜಿದ ಮೇಲೆ ಸಕ್ಕರೆ ಚೀಪಿದರೆ ವಸಡಿಗೆ ಮಾಡಿದ ಉಪಕಾರವನ್ನು ಹಲ್ಲಿನ ಹುಳುಕು ತಿಂದುಹಾಕುತ್ತದೆ.

ತೆಗೆದುಕೊಳ್ಳುವ ಬಗೆ

ಆಳವಾದ ಶುಚಿ ಮುಗಿದ ಮೇಲೆ ವೈದ್ಯರು ಎಷ್ಟೋ ಸಲ ಕ್ಲೋರ್‌ಹೆಕ್ಸಿಡೀನ್ ಬಾಯಿ ಮುಕ್ಕಳಿಸುವ ಔಷಧಿಯನ್ನು ಬರೆದುಕೊಡುತ್ತಾರೆ. ಅದು ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಎಂದು ನೋಡುವುದಿಲ್ಲ, ಜೊತೆಗೆ ಹಲ್ಲಿನ ಬದಿಗಳಲ್ಲಿ ಹಿಡಿದುಕೊಂಡು ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಆದ್ದರಿಂದ ಅದರ ಅವಧಿ ಮುಗಿಯಲಿ, ಆಮೇಲೆ ಪ್ರೊಬಯಾಟಿಕ್ ಶುರುಮಾಡಿರಿ. ಆಂಟಿಬಯಾಟಿಕ್ ಕೊಟ್ಟಿದ್ದರೂ ಇದೇ ನಿಯಮ.

ರಾತ್ರಿ ಉಜ್ಜಿ, ಕಿಂಡಿಗಳನ್ನು ಶುಚಿ ಮಾಡಿ, ನೀರು ಕುಡಿಯುವುದಿದ್ದರೆ ಕುಡಿದು ಮುಗಿಸಿ, ಕೊನೆಯದಾಗಿ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟುಕೊಳ್ಳಬೇಕು. ಕಡಿಯಬಾರದು, ನುಂಗಬಾರದು. ಜೊಲ್ಲಿನಲ್ಲಿ ನಿಧಾನವಾಗಿ ಕರಗುತ್ತಿರುವಾಗ ಅದನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ, ಕೆಳತುಟಿಯ ಒಳಭಾಗಕ್ಕೆ ಮೆಲ್ಲಗೆ ಸರಿಸುತ್ತಿರಬೇಕು. ನನ್ನ ತಾಯಿಯವರು ಮಾತ್ರೆ ಬಾಯಲ್ಲಿಟ್ಟುಕೊಂಡು ಜಪಮಾಲೆ ಹಿಡಿದು ಕೂರುತ್ತಿದ್ದರು. ಒಂದು ಸುತ್ತು ಜಪ ಮುಗಿಯುವಷ್ಟರಲ್ಲಿ ಮಾತ್ರೆ ಕರಗಿರುತ್ತಿತ್ತು, ಮಾತಾಡಿಸಿದರೆ ಕೈಸನ್ನೆಯಲ್ಲೇ ಉತ್ತರ ಬರುತ್ತಿತ್ತು. ಕರಗಿದ ಮೇಲೆ ಅರ್ಧ ಗಂಟೆ ಏನನ್ನೂ ತಿನ್ನದೆ, ಕುಡಿಯದೆ, ಮುಕ್ಕಳಿಸದೆ ಇರುವುದು ಒಳ್ಳೆಯದು. ಬೆಳಗಿನ ಮಾತ್ರೆಯನ್ನು ತಿಂಡಿ, ಕಾಫಿಯಾದ ಮೇಲೆ ತೆಗೆದುಕೊಳ್ಳಬಹುದು. ಈ ಬ್ಯಾಕ್ಟೀರಿಯಾಗಳು ಬಾಯಲ್ಲಿ ಕಾಯಂ ಆಗಿ ನೆಲೆಸುವುದಿಲ್ಲ, ನಿಲ್ಲಿಸಿದ ಕೆಲವು ವಾರಗಳಲ್ಲಿ ಕಾಣೆಯಾಗುತ್ತವೆ. ನಡುನಡುವೆ ನೆನಪಾದಾಗ ಒಂದೊಂದು ಚೀಪುವುದರಿಂದ ಹಣ ಹೋಗುತ್ತದೆಯೇ ಹೊರತು ಮತ್ತೇನೂ ಆಗುವುದಿಲ್ಲ.

ಮನೆಯ ಮೊಸರೇ ಸಾಲದೇ ಎಂದು ಬಹಳ ಮಂದಿ ಕೇಳುತ್ತಾರೆ. ಮೊಸರು ಒಳ್ಳೆಯ ಆಹಾರ, ಬಿಡಬೇಕಾಗಿಲ್ಲ. ಆದರೆ ನಮ್ಮ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಮನೆಯಿಂದ ಮನೆಗೆ, ಕಾಲದಿಂದ ಕಾಲಕ್ಕೆ ಬೇರೆ. ಅನ್ನದ ಜೊತೆ ಕ್ಷಣದಲ್ಲಿ ಗಂಟಲಿಳಿಯುವ ಮೊಸರು ವಸಡಿನ ಬಳಿ ನಿಲ್ಲುವುದೂ ಇಲ್ಲ. ಮಜ್ಜಿಗೆಹುಳಿಯಂತೆ ಕುದಿಸಿದರಂತೂ ಜೀವಂತವಾದದ್ದು ಉಳಿಯುವುದಿಲ್ಲ. ಮೊಸರನ್ನು ವಸಡಿಗೆ ತಿಕ್ಕುವುದು, ರಾತ್ರಿ ಬಾಯಲ್ಲಿ ಹಿಡಿದಿಟ್ಟುಕೊಳ್ಳುವುದು ಬೇಡವೇ ಬೇಡ. ಸಕ್ಕರೆ ಬೆರೆಸಿದ ಪ್ರೊಬಯಾಟಿಕ್ ಪಾನೀಯಗಳ ಬಗ್ಗೆಯೂ ಇದೇ ಎಚ್ಚರ ಬೇಕು.

ಕೀಮೋಥೆರಪಿಯಲ್ಲಿರುವವರು, ಅಂಗಾಂಗ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು, ಕೃತಕ ಹೃದಯ ಕವಾಟವಿರುವವರು, ರಕ್ತನಾಳದಲ್ಲಿ ದೀರ್ಘಕಾಲದ ನಳಿಕೆ ಹಾಕಿಸಿಕೊಂಡವರು ತಮ್ಮ ವೈದ್ಯರ ಒಪ್ಪಿಗೆಯಿಲ್ಲದೆ ಯಾವ ಪ್ರೊಬಯಾಟಿಕ್ಕನ್ನೂ ಮುಟ್ಟಬಾರದು. ಅಂಥವರಲ್ಲಿ ಅಪರೂಪಕ್ಕೆ ಈ ಬ್ಯಾಕ್ಟೀರಿಯಾಗಳೇ ರಕ್ತಕ್ಕೆ ಸೇರಿ ಸೋಂಕಾದದ್ದುಂಟು. ಆಳವಾದ ಹುಳುಕು ಹಲ್ಲುಗಳಿರುವವರು ಮೊದಲು ಅವನ್ನು ತುಂಬಿಸಿಕೊಳ್ಳಲಿ, ಏಕೆಂದರೆ ಲ್ಯಾಕ್ಟೋಬ್ಯಾಸಿಲಸ್ ಬಳಗವು ಆಮ್ಲ ಉಂಟುಮಾಡುವಂಥದ್ದು. ವಸಡಿನಲ್ಲಿ ಕೀವು, ಮುಖದ ಊತ, ಜ್ವರ ಇದ್ದರೆ ಮಾತ್ರೆಯ ಯೋಚನೆಯನ್ನೇ ಬಿಟ್ಟು ಅಂದೇ ವೈದ್ಯರನ್ನು ಕಾಣಬೇಕು.

ಮೂರು ತಿಂಗಳಾದ ಮೇಲೆ

ಶುಚಿಯಾದ ಸುಮಾರು ಮೂರು ತಿಂಗಳಿಗೆ ಸಂದಿನ ಆಳವನ್ನು ಮತ್ತೆ ಅಳೆಸಿ, ಹಳೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ಹೋಲಿಸಿರಿ. ರಕ್ತ ಬರುವ ಜಾಗಗಳು ಎಷ್ಟು ಕಡಿಮೆಯಾಗಿವೆ, 5 ಇದ್ದದ್ದು 3ಕ್ಕೆ ಬಂದಿದೆಯೇ ಎಂದು ನೋಡಿರಿ. ಬಾಯಿ ಹಗುರವೆನಿಸುತ್ತದೆ, ವಾಸನೆ ಕಡಿಮೆಯಾದಂತಿದೆ ಎಂಬ ಅನಿಸಿಕೆಗಳು ಸಂತೋಷ ಕೊಡುತ್ತವೆ, ಆದರೆ ಅವನ್ನು ನಂಬಿ ಮತ್ತೊಂದು ಡಬ್ಬಿ ಕೊಳ್ಳಬೇಡಿ. ಸುಧಾರಣೆಯಲ್ಲಿ ಶುಚಿಯ ಪಾಲೆಷ್ಟು, ಮಾತ್ರೆಯ ಪಾಲೆಷ್ಟು ಎಂದು ಒಬ್ಬರ ಬಾಯಿಂದ ಬೇರ್ಪಡಿಸಿ ಹೇಳಲಾಗದು. ಮೂರು ತಿಂಗಳ ಬಳಿಕವೂ ಆಳವಾಗಿಯೇ ಉಳಿದು ರಕ್ತ ಸುರಿಸುವ ಸಂದುಗಳಿದ್ದರೆ ಮಾತ್ರೆಯನ್ನು ಮುಂದುವರಿಸುತ್ತಾ ಕಾಯುವುದು ಸರಿಯಲ್ಲ. ಅಲ್ಲಿ ಮತ್ತೊಮ್ಮೆ ಶುಚಿಯೋ, ವಸಡನ್ನು ಬಿಡಿಸಿ ಮಾಡುವ ಫ್ಲ್ಯಾಪ್ ಶಸ್ತ್ರಚಿಕಿತ್ಸೆಯೋ ಬೇಕಾಗುತ್ತದೆ.

ನನ್ನ ತಾಯಿಯವರ ಎರಡನೆಯ ಪಟ್ಟಿಯಲ್ಲಿ 5 ಇದ್ದ ಕಡೆಗಳಲ್ಲೆಲ್ಲ 3 ಎಂದಿತ್ತು, ಬಲಗಡೆಯ ಕೆಳದವಡೆಯ ಎರಡು ಜಾಗಗಳಲ್ಲಿ ಮಾತ್ರ 6 ಹಾಗೇ ಉಳಿದಿತ್ತು. ವೈದ್ಯರು ಮಾತ್ರೆ ಸಾಕೆಂದರು, ಆ ಎರಡು ಜಾಗಗಳಿಗೆ ಫ್ಲ್ಯಾಪ್ ಮಾಡಿದರು. ಈಗ ಅವರು ಮೂರು ತಿಂಗಳಿಗೊಮ್ಮೆ ಶುಚಿಗೆ ಹೋಗುತ್ತಾರೆ. ಹೋಗುವಾಗ ಸಕ್ಕರೆಯ ವರದಿಯನ್ನೂ ಮೊದಲಿನ ಎರಡೂ ಪಟ್ಟಿಗಳನ್ನೂ ಒಂದೇ ಕವರಿನಲ್ಲಿ ಹಾಕಿಕೊಂಡು ಹೋಗುತ್ತಾರೆ.